ಮೈಗಳ್ಳತನವೋ, ಪಾಳಿಯ ಭಾರವೋ?

ಅಫಜಲಪುರ ತಾಲ್ಲೂಕಿನ ಹವಳಗಾ ಎಂದರೆ ಸುತ್ತಲಿನವರಿಗೆ ನೆನಪಾಗುವುದು ಸಕ್ಕರೆ ಕಾರ್ಖಾನೆ. ಕಡಿದ ಕಬ್ಬು ಕಾಯುವುದಿಲ್ಲ. ತಡವಾದಷ್ಟೂ ತೂಕವೂ ಸಕ್ಕರೆ ಅಂಶವೂ ಇಳಿಯುತ್ತವೆ. ಹೀಗಾಗಿ ಹಂಗಾಮಿನಲ್ಲಿ ಇಂಥ ಕಾರ್ಖಾನೆಗಳು ಪಾಳಿಯ ಮೇಲೆ ಹಗಲಿರುಳೂ ನಡೆಯುತ್ತವೆ. ಈ ದುಡಿಮೆಯ ಒತ್ತಡದ ಬಗ್ಗೆ ಹಲವು ಮಾತುಗಳು ಪರೀಕ್ಷೆಯೇ ಇಲ್ಲದೆ ಚಲಾವಣೆಯಲ್ಲಿವೆ.

ತಪ್ಪು ಕಲ್ಪನೆ: ಒತ್ತಡ ಹಾಕಿದಷ್ಟೂ ಕೆಲಸ ಚುರುಕಾಗುತ್ತದೆ.
ಸತ್ಯ: ಇದು ಅರ್ಧ ಮಾತ್ರ ನಿಜ. 1908ರಲ್ಲಿ ಮನೋವಿಜ್ಞಾನಿಗಳಾದ ಯರ್ಕ್ಸ್ ಮತ್ತು ಡಾಡ್ಸನ್ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಸುಲಭದ ಕಲಿಕೆಗೆ ಬಲವಾದ ಪ್ರಚೋದನೆ ನೆರವಾಯಿತು, ಕಠಿಣ ಕಲಿಕೆಗೆ ಅದೇ ಅಡ್ಡಿಯಾಯಿತು. ಗದರಿಸಿದರೆ ಚೀಲ ಹೊರುವವನ ಹೆಜ್ಜೆ ಸ್ವಲ್ಪ ಹೊತ್ತು ಬಿರುಸಾದೀತು. ಪಾಕ ಕುದಿಸುವ ಪ್ಯಾನಿನಲ್ಲಿ ಸಕ್ಕರೆ ಹರಳಿನ ಹದ ನೋಡುವವನು, ಬಾಯ್ಲರಿನ ನೀರಿನ ಮಟ್ಟ ಕಾಯುವವನು ಗಾಬರಿಯಾದರೆ ತಪ್ಪುವುದು ಲಕ್ಷ್ಯ.

ತಪ್ಪು ಕಲ್ಪನೆ: ಒತ್ತಡ ದೊಡ್ಡ ಸಾಹೇಬರ ಕಾಯಿಲೆ.
ಸತ್ಯ: 1967ರಲ್ಲಿ ಶುರುವಾದ ಬ್ರಿಟನ್ನಿನ ವೈಟ್‌ಹಾಲ್ ಅಧ್ಯಯನದಲ್ಲಿ ಹೃದ್ರೋಗದ ಸಾವು ಹೆಚ್ಚು ಕಂಡದ್ದು ಕೆಳದರ್ಜೆಯ ಸರ್ಕಾರಿ ನೌಕರರಲ್ಲಿ. ಧೂಮಪಾನದಂಥ ಕಾರಣಗಳು ಈ ಅಂತರವನ್ನು ಪೂರ್ತಿ ವಿವರಿಸಲಿಲ್ಲ. ಕೆಲಸದ ಭಾರ ಹೆಚ್ಚು, ನಿರ್ಧಾರದ ಹಕ್ಕು ಕಡಿಮೆ ಇರುವಲ್ಲೇ ಒತ್ತಡ ತೀವ್ರ ಎಂದು ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲಿ ವಾದಿಸಿದರು. ಯಂತ್ರ ನಿಲ್ಲಿಸುವ ಅಧಿಕಾರವಿಲ್ಲ, ನಿಂತರೆ ಬೈಗುಳ ಮಾತ್ರ ತನಗೇ: ಈ ಸ್ಥಿತಿ ಕಾರ್ಮಿಕರಿಗೆ ಹೊಸದಲ್ಲ.

ತಪ್ಪು ಕಲ್ಪನೆ: ಡಬಲ್ ಡ್ಯೂಟಿ ಎಳೆಯುವವನೇ ಗಟ್ಟಿ ಆಳು.
ಸತ್ಯ: ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ ಕುಡಿದವರ ಮಟ್ಟಕ್ಕೆ ಇಳಿಯುತ್ತದೆಂದು ಪ್ರಯೋಗಗಳು ತೋರಿಸಿವೆ. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಂದಾಜಿಸಿತು.

ತಪ್ಪು ಕಲ್ಪನೆ: ಸಿಡುಕುವವನು, ರಜೆ ಹಾಕುವವನು ಮೈಗಳ್ಳ.
ಸತ್ಯ: ಸಿಡುಕು, ಮರೆವು, ಪದೇ ಪದೇ ಗೈರು, ಹೆಚ್ಚಿದ ಗುಟ್ಕಾ ಅಥವಾ ಕುಡಿತ ಒತ್ತಡದ ಗುರುತುಗಳೂ ಆಗಿರಬಹುದು. ವರ್ಷಗಟ್ಟಲೆ ನೆಟ್ಟಗೆ ದುಡಿದವನು ಒಂದೇ ಹಂಗಾಮಿನಲ್ಲಿ ಬದಲಾದರೆ ಅವನ ಸ್ವಭಾವಕ್ಕಿಂತ ಮೊದಲು ಪಾಳಿಪಟ್ಟಿ ನೋಡಬೇಕು.

ತಪ್ಪು ಕಲ್ಪನೆ: ಯೋಗ, ಧ್ಯಾನ ಕಲಿಸಿದರೆ ಮುಗಿಯಿತು.
ಸತ್ಯ: ಅವು ಮನಸ್ಸಿಗೆ ಆಸರೆ, ಕೆಲಸದ ಭಾರ ಇಳಿಸಲಾರವು. ಬದಲಿ ಆಳು, ಮುಂಚಿತವಾಗಿ ತಿಳಿಯುವ ಪಾಳಿ, ತಪ್ಪು ಹೇಳಿಕೊಂಡವನಿಗೆ ಬೈಗುಳವಿಲ್ಲದ ವಾತಾವರಣ ಆಡಳಿತವೇ ಕೊಡಬೇಕಾದವು. ನಿದ್ದೆಗೆಟ್ಟು ಮನಸ್ಸು ಕುಗ್ಗಿದವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು. ರಾತ್ರಿ ಪಾಳಿಯವರಿಗೂ ಅದು ಸಿಗುತ್ತದೆ.