ಸಂಘಗಳಲ್ಲಿ ಸದಸ್ಯತ್ವದ ವರ್ಗಗಳು ಮತ್ತು ಮತದಾನದ ಹಕ್ಕು

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣಾ ತೀರದ ರೈತರು ಸರ್ಕಾರದ ಅನುದಾನಕ್ಕೆ ಕಾಯದೆ, ಸ್ವಂತ ವಂತಿಗೆ ಮತ್ತು ಶ್ರಮದಾನದಿಂದ 1989ರಲ್ಲಿ ಬ್ಯಾರೇಜು ನಿರ್ಮಿಸಿದರು. ‘ಶ್ರಮಬಿಂದು ಸಾಗರ’ವೆಂದು ಹೆಸರಾದ ಈ ಕಾರ್ಯವು ಸಂಘಶಕ್ತಿಗೆ ಉತ್ತಮ ನಿದರ್ಶನವಾಗಿದೆ. ಆದರೆ ಸಂಘವೊಂದಕ್ಕೆ ಹಣ ನೀಡಿದವರೆಲ್ಲರಿಗೂ ಅದರ ತೀರ್ಮಾನಗಳಲ್ಲಿ ಮತ ದೊರೆಯುತ್ತದೆಂದು ಭಾವಿಸುವಂತಿಲ್ಲ. ಅದು ಸದಸ್ಯತ್ವದ ವರ್ಗವನ್ನು ಅವಲಂಬಿಸಿರುತ್ತದೆ.

ನೋಂದಾಯಿತ ಸಂಘಗಳು

ಯುವಕ ಸಂಘ, ಮಹಿಳಾ ಮಂಡಳ, ಶಿಕ್ಷಣ ಸಂಸ್ಥೆ ಮುಂತಾದವು ಸಾಮಾನ್ಯವಾಗಿ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರಡಿ ನೋಂದಣಿಯಾಗುತ್ತವೆ. ನೋಂದಣಿಗೆ ಕನಿಷ್ಠ 7 ಜನರು ಬೇಕು. ಸಾಮಾನ್ಯ, ಆಜೀವ, ಪೋಷಕ, ಗೌರವ ಎಂಬ ವರ್ಗಗಳನ್ನೂ ಅವುಗಳ ಹಕ್ಕುಗಳನ್ನೂ ಆಯಾ ಸಂಘದ ನಿಯಮಾವಳಿಯೇ ನಿರ್ಧರಿಸುತ್ತದೆ. ಹೆಚ್ಚು ದೇಣಿಗೆ ನೀಡಿದ ಪೋಷಕ ಸದಸ್ಯರಿಗೆ ಮತವಿಲ್ಲದಿರಬಹುದು. ಅಲ್ಪ ವಂತಿಗೆಯ ಸಾಮಾನ್ಯ ಸದಸ್ಯರಿಗೆ ಮತವಿರಬಹುದು. ವಂತಿಗೆ ಬಾಕಿ ಉಳಿಸಿಕೊಂಡವರು ಮತ ಚಲಾಯಿಸುವಂತಿಲ್ಲವೆಂಬ ನಿಯಮವೂ ಸಾಮಾನ್ಯ.

ಪಂಚಾಯಿತಿ ಪ್ರತಿನಿಧಿಯನ್ನು ಪದನಿಮಿತ್ತ ಸದಸ್ಯರನ್ನಾಗಿ ಸೇರಿಸಿಕೊಂಡಾಗಲೂ ಇದೇ ಪ್ರಶ್ನೆ ಉದ್ಭವಿಸುತ್ತದೆ. ಅವರಿಗೆ ಸಭೆಯಲ್ಲಿ ಹಾಜರಿರುವ ಅವಕಾಶ ಮಾತ್ರವೇ, ಮತವೂ ಇದೆಯೇ ಎಂಬುದನ್ನು ನಿಯಮಾವಳಿಯಲ್ಲಿ ನೋಡಿಕೊಳ್ಳಬೇಕು.

ಸಹಕಾರ ಸಂಘಗಳು

ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ, 1959ರಡಿಯ ಸಂಘಗಳಲ್ಲಿ ಈ ವಿಷಯವನ್ನು ಕಾನೂನೇ ನಿಶ್ಚಯಿಸಿದೆ. ಒಂದು ಷೇರಿರಲಿ, ನೂರು ಷೇರಿರಲಿ, ಸದಸ್ಯನಿಗೆ ಒಂದೇ ಮತ. ನಾಮಮಾತ್ರ ಸದಸ್ಯರಿಗೂ ಸಹ ಸದಸ್ಯರಿಗೂ ಮತವಿಲ್ಲ. ಸಾಲ ಮರುಪಾವತಿಸದ ಸುಸ್ತಿದಾರರು ಮತದ ಹಕ್ಕನ್ನು ಕಳೆದುಕೊಳ್ಳುತ್ತಾರೆ.

ಮುಧೋಳ, ಬೀಳಗಿ ಭಾಗದ ರೈತರಾಗಲಿ, ರಬಕವಿ-ಬನಹಟ್ಟಿಯ ನೇಕಾರರಾಗಲಿ, ಸಾಲಕ್ಕಾಗಿ ಸಂಘ ಸೇರುವಾಗ ಈ ವ್ಯತ್ಯಾಸವನ್ನು ಅರಿತಿರುವುದು ಅಗತ್ಯ. ನಾಮಮಾತ್ರ ಸದಸ್ಯತ್ವ ಪಡೆದವರು ಕಂತು ತಪ್ಪದೆ ಕಟ್ಟಿದರೂ ಆಡಳಿತ ಮಂಡಳಿಯ ಚುನಾವಣೆಯಲ್ಲಿ ಅವರ ಹೆಸರು ಮತದಾರರ ಪಟ್ಟಿಯಲ್ಲಿ ಬರುವುದಿಲ್ಲ. ಚುನಾವಣೆಯ ದಿನ ಇದು ತಿಳಿದುಬಂದರೆ ಪರಿಹಾರ ಕಷ್ಟ.

ಗ್ರಾಮಸ್ಥರಿಗೆ ತಿಳಿಸಬೇಕಾದ ಅಂಶಗಳು

1. ಹಣ ಕಟ್ಟಿದ ರಸೀದಿಯಲ್ಲಿ ಸದಸ್ಯತ್ವದ ವರ್ಗ ನಮೂದಾಗಿದೆಯೇ ಎಂದು ನೋಡುವುದು.
2. ನಿಯಮಾವಳಿ ಅಥವಾ ಉಪವಿಧಿಯ ಪ್ರತಿ ಪಡೆದು, ಮತದಾನದ ಷರತ್ತುಗಳನ್ನು ಓದುವುದು.
3. ಸದಸ್ಯರ ನೋಂದಣಿ ಪುಸ್ತಕದಲ್ಲಿ ಹೆಸರು ಮತ್ತು ವರ್ಗ ಸರಿಯಾಗಿವೆಯೇ ಎಂದು ಚುನಾವಣೆಗೆ ಮುಂಚೆಯೇ ಪರಿಶೀಲಿಸುವುದು.
4. ಬಾಕಿ ಇದ್ದಲ್ಲಿ ಸಕಾಲದಲ್ಲಿ ಪಾವತಿಸಿ ರಸೀದಿ ಕಾಯ್ದಿರಿಸುವುದು.
5. ವರ್ಗ ಅಥವಾ ಹಕ್ಕಿನಲ್ಲಿ ಬದಲಾವಣೆ ಬೇಕಿದ್ದರೆ ಅದನ್ನು ಸಾಮಾನ್ಯ ಸಭೆಯ ಮುಂದಿಟ್ಟು, ಅಂಗೀಕೃತ ತಿದ್ದುಪಡಿಯನ್ನು ನೋಂದಣಿ ಪ್ರಾಧಿಕಾರಕ್ಕೆ ಸಲ್ಲಿಸುವುದು.

ಹಕ್ಕಿನ ಪ್ರಶ್ನೆಯನ್ನು ಸದಸ್ಯತ್ವ ಪಡೆಯುವ ದಿನವೇ ಕೇಳಿದರೆ ಮುಂದಿನ ಕಲಹಗಳು ಬಹುಮಟ್ಟಿಗೆ ತಪ್ಪುತ್ತವೆ. ಗ್ರಾಮ ಪಂಚಾಯಿತಿ ಸದಸ್ಯರು ಗ್ರಾಮಸಭೆಗಳಲ್ಲಿ ಈ ತಿಳಿವಳಿಕೆ ನೀಡಿದಲ್ಲಿ ಸಂಘಗಳ ಮೇಲಿನ ಜನರ ನಂಬಿಕೆ ಉಳಿಯುತ್ತದೆ.