ಪಡುವಣ ಕಡಲಿನಿಂದ ಮೂಡಣ ಕಡಲಿಗೆ

ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರದ ಕಡೆಯ ಹಳ್ಳಿಗಳಲ್ಲಿ ಮುಂಬಯಿಗೆ ದುಡಿಯಲು ಹೋದ ಮಗನೋ ನೆಂಟನೋ ಇಲ್ಲದ ಬೀದಿ ವಿರಳ. ಎಷ್ಟು ಮಂದಿ ಅಲ್ಲಿದ್ದಾರೆಂಬುದು ಹೊರಗಿನವರಿಗೆ ತಿಳಿದದ್ದು 2020ರ ಮೇ ತಿಂಗಳಿನಲ್ಲಿ, ಕೊರೊನಾ ಕಾಲದಲ್ಲಿ ಅವರೆಲ್ಲ ಊರಿಗೆ ಮರಳಿದಾಗ. ಈಚೆಗೆ ಮದುವೆಯಾದ ಹೆಣ್ಣುಮಕ್ಕಳು ಚೆನ್ನೈಯಲ್ಲಿ ನೆಲೆಸುವುದೂ ಉಂಟು. ಮಗ ಪಡುವಣ ತೀರದಲ್ಲಿ, ಮಗಳು ಮೂಡಣ ತೀರದಲ್ಲಿ. ನಮ್ಮ ಅಕ್ಕನವರ ಮನೆಯ ಸ್ಥಿತಿಯೂ ಇದೇ.

ಅಕ್ಕನವರು ಕೃಷ್ಣರಾಜಪೇಟೆ ತಾಲ್ಲೂಕಿನವರು. ಮುಂಬಯಿಯ ಮಗನ ಮನೆಯಲ್ಲಿ ಕೆಲವು ತಿಂಗಳು ಇದ್ದರು. ಅತ್ತ ಚೆನ್ನೈಯಲ್ಲಿದ್ದ ಮಗಳಿಗೆ ಕಾರ್ತಿಕ ಮಾಸದಲ್ಲಿ ಸೀಮಂತ ನಿಶ್ಚಯವಾಯಿತು. ಬಸುರಿ ಪ್ರಯಾಣ ಮಾಡಬಾರದೆಂದು ವೈದ್ಯರು ಹೇಳಿದ್ದರಿಂದ ತಾಯಿಯೇ ಅಲ್ಲಿಗೆ ಹೋಗಬೇಕಾಯಿತು. ರೈಲಿನಲ್ಲಿ ಸುಮಾರು ಒಂದು ಹಗಲು, ಒಂದು ರಾತ್ರಿ. ಮೊಣಕಾಲು ನೋವಿನ ಅಕ್ಕನವರಿಗೆ ಅದು ಆಗದ ಮಾತು. ಮಗನಿಗೆ ರಜೆ ದೊರೆಯಲಿಲ್ಲ. ಆದ್ದರಿಂದ ಜೀವನದಲ್ಲಿ ಮೊದಲ ಬಾರಿ, ಒಬ್ಬರೇ, ವಿಮಾನ ಏರಬೇಕು. ಏರ್ಪಾಡೆಲ್ಲ ಶ್ರೀರಂಗಪಟ್ಟಣದಲ್ಲಿ ಕುಳಿತಿದ್ದ ನಮ್ಮ ಪಾಲಿಗೆ ಬಂದಿತು.

ಎರಡು ಕಡಲುಗಳ ನಡುವಿನ ಈ ವಾಯುಮಾರ್ಗ ಹಳೆಯದು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ತಂದ ಅಂಚೆಯನ್ನು ನೆವಿಲ್ ವಿನ್ಸೆಂಟ್ ಎಂಬ ವೈಮಾನಿಕರು ಒಂದೇ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ಇಂದು ಸಾವಿರ ಕಿಲೋಮೀಟರಿಗೆ ತುಸು ಮೇಲ್ಪಟ್ಟ ಆ ದೂರವನ್ನು ಕ್ರಮಿಸಲು ಎರಡು ಗಂಟೆ ಸಾಕು. ಆ ಎರಡು ಗಂಟೆಗೆ ನಾವು ಮೂರು ವಾರ ಸಿದ್ಧತೆ ಮಾಡಿದೆವು!

ಮೊದಲನೆಯದು ದಿನದ ಆಯ್ಕೆ. ಮುಂಬಯಿಗೆ ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. 2005ರ ಜುಲೈ 26ರಂದು ಅಲ್ಲಿನ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ವಿಮಾನ ನಿಲ್ದಾಣವೇ ಮುಚ್ಚಿತು. ಚೆನ್ನೈಗೆ ಮಳೆಗಾಲ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. 2015ರ ಡಿಸೆಂಬರ್ ಮೊದಲ ವಾರದ ಪ್ರವಾಹದಲ್ಲಿ ಅಲ್ಲಿನ ನಿಲ್ದಾಣ ಕೆಲವು ದಿನ ಮುಚ್ಚಿತ್ತು; 2023ರ ಡಿಸೆಂಬರ್ ಚಂಡಮಾರುತದಲ್ಲಿಯೂ ಮುಚ್ಚಿತು. ಹೊರಡುವ ಊರಿನ ಆಕಾಶವನ್ನಷ್ಟೇ ನೋಡಿದರೆ ಸಾಲದು. ಹೀಗಾಗಿ ಸೀಮಂತಕ್ಕೆ ಎರಡು ದಿನ ಮೊದಲೇ ತಲಪುವಂತೆ ಗೊತ್ತುಮಾಡಿದೆವು.

ಬೆಳಗಿನ ಜಾವ 5 ಗಂಟೆಯ ವಿಮಾನಕ್ಕೆ ದರ ಕಡಿಮೆಯೆಂದು ಅಳಿಯ ಹುಡುಗ ಹಟ ಹಿಡಿದನು. ಅದನ್ನು ಹಿಡಿಯಬೇಕಾದರೆ ನಡುರಾತ್ರಿ ಎರಡಕ್ಕೆ ಮನೆ ಬಿಡಬೇಕು. ಇಷ್ಟಲಿಂಗ ಪೂಜೆಯಾಗದೆ ಅಕ್ಕನವರು ನೀರನ್ನೂ ಮುಟ್ಟುವವರಲ್ಲ. ಕೆಲವು ನೂರು ರೂಪಾಯಿ ಉಳಿಸಲು ಹಿರಿಯರನ್ನು ಉಪವಾಸ ಕೆಡವುವುದು ಯಾವ ಜಾಣತನ? ಹತ್ತು ಗಂಟೆಯ ವಿಮಾನವನ್ನೇ ಆರಿಸಿದೆವು.

ಅಲ್ಲಿಯವರೆಗೆ ಸರಿ. ಟಿಕೆಟ್ಟಿನಲ್ಲಿ ತಪ್ಪಿದವರು ನಾವೇ. ಅಕ್ಕನವರಿಗೆ ಮನೆಯಲ್ಲಿ ಕರೆಯುವ ಹೆಸರೊಂದು, ಆಧಾರ್ ಚೀಟಿಯಲ್ಲಿರುವುದು ಮತ್ತೊಂದು. ಐವತ್ತು ವರ್ಷ ನಾಲಿಗೆಯಲ್ಲಿದ್ದ ಹೆಸರನ್ನೇ ಟಿಕೆಟ್ಟಿಗೂ ಬರೆಸಿಬಿಟ್ಟೆವು. ಹೊರಡುವ ನಾಲ್ಕು ದಿನ ಮೊದಲು ಸೊಸೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಒಂದೆರಡು ಅಕ್ಷರ ತಪ್ಪಿದ್ದರೆ ತಿದ್ದಿಕೊಡುತ್ತಾರೆ, ಹೆಸರೇ ಬೇರೆಯಾದರೆ ಇಲ್ಲ. ಹಳೆಯದನ್ನು ರದ್ದುಮಾಡಿ ಹೆಚ್ಚಿನ ದರಕ್ಕೆ ಹೊಸ ಟಿಕೆಟ್ ಕೊಳ್ಳಬೇಕಾಯಿತು. ಅವಳು ನೋಡದಿದ್ದರೆ ಅಕ್ಕನವರು ನಿಲ್ದಾಣದ ಬಾಗಿಲಿನಿಂದಲೇ ಹಿಂದಿರುಗಬೇಕಿತ್ತು. ನಮ್ಮ ಸೀಮೆಯಲ್ಲಿ ಮನೆತನದ ಹೆಸರು ಬರೆಯುವ ರೂಢಿ ಕಡಿಮೆ. ಆಧಾರ್ ಚೀಟಿಯಲ್ಲಿ ಅಪ್ಪನ ಹೆಸರಿದೆಯೋ ಗಂಡನ ಹೆಸರಿದೆಯೋ ಬರಿಯ ಇನಿಷಿಯಲ್ ಇದೆಯೋ, ಅದನ್ನೇ ಎದುರಿಗಿಟ್ಟುಕೊಂಡು ಬರೆಸತಕ್ಕದ್ದು. ಟಿಕೆಟ್ಟಿನಲ್ಲಿ ನಿಲ್ದಾಣದ ಹೆಸರನ್ನೂ ನೋಡಬೇಕು: ಮುಂಬಯಿಯಲ್ಲಿ ಎರಡು ಟರ್ಮಿನಲ್‌ಗಳು ಬೇರೆ ಬೇರೆ ಕಡೆ ಇವೆ, 2025ರ ಡಿಸೆಂಬರ್‌ನಿಂದ ನವಿ ಮುಂಬಯಿಯ ನಿಲ್ದಾಣವೂ ಸೇರಿದೆ.

ಇನ್ನು ಗಂಟುಮೂಟೆ. ಮಡಿಲು ತುಂಬಲೆಂದು ಪಾಂಡವಪುರದ ನೆಂಟರು ಆಲೆಮನೆಯ ಬೆಲ್ಲವನ್ನೂ, ನಾಗಮಂಗಲದ ಬೀಗರು ತಮ್ಮ ತೋಟದ ಕೊಬ್ಬರಿ ಗಿಟುಕುಗಳನ್ನೂ ಮುಂಬಯಿಗೆ ಹೊರಟವರ ಕೈಯಲ್ಲಿ ಕಳುಹಿಸಿದ್ದರು. ಒಳನಾಡಿನ ವಿಮಾನದಲ್ಲಿ ಸಾಮಾನ್ಯವಾಗಿ 15 ಕಿಲೋ ದೊಡ್ಡ ಸಾಮಾನು, 7 ಕಿಲೋ ಕೈಚೀಲಕ್ಕೆ ಅವಕಾಶ. ಬೆಲ್ಲಕ್ಕೆ ತೂಕದ ಚಿಂತೆ ಮಾತ್ರ. ಕೊಬ್ಬರಿಯ ಕಥೆ ಬೇರೆ. ಒಣಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚು; ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿ ಅದು ಸೇರಿರುವುದರಿಂದ ವಿಮಾನಕ್ಕೆ ಬಿಡುವುದಿಲ್ಲ. ಇದನ್ನು ತಿಳಿಸಿದಾಗ ಅಕ್ಕನವರು ಫೋನಿನಲ್ಲಿ ಬಹಳ ಹೊತ್ತು ಮಾತನಾಡಲೇ ಇಲ್ಲ. ಕೊಬ್ಬರಿಯಿಲ್ಲದ ಮಡಿಲು ಅವರ ಕಣ್ಣಿಗೆ ಬರಿದು. ಕೊನೆಗೆ ಬೀಗರಿಗೆ ಹೇಳಿಕಳುಹಿಸಿದೆವು. ಅವರು ಸೀಮಂತಕ್ಕೆ ಕಾರಿನಲ್ಲಿಯೇ ಹೊರಟಿದ್ದರು. ಅದೇ ತೋಟದ ಬೇರೆ ಗಿಟುಕುಗಳನ್ನು ತರಲು ಒಪ್ಪಿಕೊಂಡರು.

ಅಕ್ಕನವರ ಇನ್ನೊಂದು ಅಳುಕನ್ನು ನಾವು ಊಹಿಸಿರಲಿಲ್ಲ. ತಪಾಸಣೆಯಲ್ಲಿ ಬೆಳ್ಳಿಯ ಕರಡಿಗೆಯನ್ನು ಬಿಚ್ಚಿಸಿದರೆ? ಅಂಗದಿಂದ ಲಿಂಗ ಅಗಲಬಾರದಲ್ಲ. ಸೊಸೆ ಒಂದು ಹಾಳೆಯಲ್ಲಿ ಹಿಂದಿ ಮತ್ತು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದಳು: ಇವರು ಕನ್ನಡ ಮಾತ್ರ ಬಲ್ಲರು, ಕೊರಳಿನಲ್ಲಿರುವುದು ಪೂಜೆಯ ಲಿಂಗ, ಅಳಿಯನ ಫೋನ್ ಸಂಖ್ಯೆ ಇದು. ಟಿಕೆಟ್ ಕೊಳ್ಳುವಾಗಲೇ ಗಾಲಿಕುರ್ಚಿಯನ್ನು ಕೇಳಿದ್ದೆವು. ಕುರ್ಚಿ ತಳ್ಳುವವರು ಒಳಗೆಲ್ಲ ಜೊತೆಗಿರುವುದರಿಂದ ಭಾಷೆ ಬಾರದವರಿಗೆ ಅದು ದೊಡ್ಡ ಆಸರೆ. ಹೆಂಗಸರ ತಪಾಸಣೆ ಪರದೆಯ ಮರೆಯಲ್ಲಿ ನಡೆಯುತ್ತದೆ. ಕರಡಿಗೆಯ ಬಳಿ ಕೈಯಂತ್ರ ಕೂಗಿಕೊಂಡಿತಂತೆ. ಅಲ್ಲಿದ್ದ ಹೆಣ್ಣುಮಗಳು ಹಾಳೆಯನ್ನು ಓದಿ, ಮೇಲಿನಿಂದಲೇ ಪರೀಕ್ಷಿಸಿ, ಕೈಮುಗಿದು ಕಳುಹಿಸಿದಳಂತೆ.

ಚೆನ್ನೈಯಲ್ಲಿ ತುಂತುರು ಮಳೆಯಿತ್ತು. ಹೊರಬಾಗಿಲಲ್ಲಿ ಅಳಿಯಂದಿರು ಕಾದಿದ್ದರು. ವಿಮಾನ ಹೇಗಿತ್ತೆಂದು ಅವರು ಕೇಳುವ ಮೊದಲೇ ಅಕ್ಕನವರು, “ಬೀಗರು ಕೊಬ್ಬರಿ ತಂದರಾ?” ಎಂದರಂತೆ.