ಪಿನ್ ಒಳಗೆ ಹೋಗುತ್ತಾ, ಮೇಲೆ ಬರುತ್ತಾ?

ಕಾಲೇಜ್ ಪಾರ್ಕಿಂಗ್‌ನಲ್ಲಿ ಫೇರಿಂಗ್ ಇರೋ ಬೈಕುಗಳ ಮುಂದೆ ಒಮ್ಮೆ ಬಗ್ಗಿ ನೋಡಿ. ನಾಲ್ಕೈದು ವರ್ಷ ಓಡಿದ ಗಾಡಿಯಾದ್ರೆ ಒಂದು ಕಡೆ ಖಾಲಿ ತೂತು, ಇನ್ನೊಂದು ಕಡೆ ಕೇಬಲ್ ಟೈ, ಮತ್ತೊಂದು ಕಡೆ ಮರಕ್ಕೆ ಹಾಕೋ ಸ್ಕ್ರೂ ಕಾಣಿಸುತ್ತೆ. ಈ ಮೂರೂ ಜಾಗದಲ್ಲಿ ಮೊದಲು ಇದ್ದದ್ದು ಬೆರಳ ತುದಿಯಷ್ಟು ಅಗಲದ ಒಂದು ಕಪ್ಪು ಪ್ಲಾಸ್ಟಿಕ್ ಕ್ಲಿಪ್. ಯಾರೋ ಅದನ್ನು ಸ್ಕ್ರೂಡ್ರೈವರ್‌ನಿಂದ ಮೀಟಿ ಮುರಿದಿರ್ತಾರೆ. ಕ್ಲಿಪ್ ಮಾತ್ರ ಮುರಿದಿದ್ರೆ ಪುಣ್ಯ, ಅದರ ಬೆಲೆ ಹೆಚ್ಚಂದ್ರೆ ಕ್ಯಾಂಟೀನ್ ತಿಂಡಿಯಷ್ಟು. ಅದು ಕೂತಿದ್ದ ಪ್ಯಾನೆಲ್‌ನ ಕಿವಿ ಸೀಳಿದ್ರೆ ಲೆಕ್ಕ ಸಾವಿರಗಳಲ್ಲಿ ಶುರುವಾಗುತ್ತೆ.

ಆರ್15 ಆಗಲಿ, ಆರ್‌ಸಿ 200 ಆಗಲಿ, ಇಂಥ ಗಾಡಿಗಳಲ್ಲಿ ಸಣ್ಣ ಕೆಲಸಕ್ಕೂ ಮೊದಲು ಬಟ್ಟೆ ಬಿಚ್ಚಬೇಕು. ರೇಡಿಯೇಟರ್ ತೊಳೆಯೋಕೆ, ಯಾವುದೋ ವೈರ್ ಹುಡುಕೋಕೆ ಒಂದಾದರೂ ಪ್ಯಾನೆಲ್ ತೆಗೀಲೇಬೇಕು. ಅಂದ್ರೆ ಕ್ಲಿಪ್ಪುಗಳನ್ನು ಬಿಚ್ಚಿ ಹಾಕೋಕೆ ಅಂತಲೇ ಮಾಡಿರೋದು. ಬಲ ಹಾಕಬೇಕಾಗಿ ಬಂತು ಅಂದ್ರೆ ನಾವು ಅದರ ಬೀಗ ತೆಗೆದಿಲ್ಲ ಅಂತಲೇ ಅರ್ಥ.

ಹಾಗಾಗಿ ಕೈ ಹಾಕೋ ಮುಂಚೆ ಕ್ಲಿಪ್‌ನ ನಡುಭಾಗ ನೋಡಿ. ಅಲ್ಲಿ ಒಂದು ಪಿನ್ ಇದೆ. ಅದು ಒಳಗೆ ಹೋಗೋದಾ, ಮೇಲೆ ಬರೋದಾ, ತಿರುಗೋದಾ ಅನ್ನೋದಷ್ಟೇ ಪ್ರಶ್ನೆ.

ನಡುವೆ ನುಣುಪಾದ ಪುಟ್ಟ ಬಿಲ್ಲೆ ಇದ್ದು, ಅದು ಸುತ್ತಲಿನ ತಲೆಗೆ ಸಮನಾಗಿ ಕೂತಿದ್ರೆ ಅದು ಒತ್ತೋ ಜಾತಿ. ಬೈಕುಗಳಲ್ಲಿ ಸಿಕ್ಕಾಪಟ್ಟೆ ಕಾಣಿಸೋದು ಇದೇ, ಎಲ್ಲರೂ ತಪ್ಪಾಗಿ ಮೀಟೋದೂ ಇದನ್ನೇ. ಒಳಗಿನ ರಚನೆ ತುಂಬಾ ಚೆನ್ನಾಗಿದೆ. ಹೊರಗಿನ ಭಾಗಕ್ಕೆ ಕೆಳಗಡೆ ಸೀಳಿದ ಕಾಲುಗಳಿವೆ. ಮಧ್ಯದ ಪಿನ್ ಎಲ್ಲಾ ಕಡೆ ಒಂದೇ ದಪ್ಪ ಇಲ್ಲ, ಒಂದು ಜಾಗದಲ್ಲಿ ದಪ್ಪ, ಅದರ ಪಕ್ಕದಲ್ಲಿ ಸಣಕಲು ಕುತ್ತಿಗೆ. ದಪ್ಪ ಭಾಗ ಕಾಲುಗಳ ನಡುವೆ ಇದ್ದಾಗ ಅವು ಹರಡಿಕೊಂಡು ಪ್ಯಾನೆಲ್‌ನ ಹಿಂಬದಿಯನ್ನು ಹಿಡಿದಿರುತ್ತವೆ. ಪಿನ್ನನ್ನು ಇನ್ನೂ ಎರಡು ಮೂರು ಮಿಲಿಮೀಟರ್ ಒಳಗೆ ಒತ್ತಿದ್ರೆ ಸಣಕಲು ಭಾಗ ಆ ಜಾಗಕ್ಕೆ ಬರುತ್ತೆ, ಕಾಲುಗಳಿಗೆ ಮಡಚಿಕೊಳ್ಳೋಕೆ ಜಾಗ ಸಿಗುತ್ತೆ, ಕ್ಲಿಪ್ ಸಡಿಲ. ಒತ್ತೋಕೆ ತೆಳು ಅಲೆನ್ ಕೀ ಸಾಕು (ಗ್ಯಾರೇಜ್‌ನಲ್ಲಿ ಇದನ್ನೇ ಎಲೆನ್‌ಕೀ ಅಂತಾರೆ, ಹೆದರಬೇಡಿ, ಅದೇ ಇದು). ‘ಟಕ್’ ಅಂತ ಶಬ್ದ ಬಂದ ಕೂಡಲೇ ನಿಲ್ಲಿಸಿ. ಉತ್ಸಾಹದಲ್ಲಿ ಇನ್ನೂ ಒತ್ತಿದ್ರೆ ಪಿನ್ ಆ ಕಡೆಯಿಂದ ಉದುರಿ ಫೇರಿಂಗ್ ಹೊಟ್ಟೆಯೊಳಗೆ ಮಾಯ. ಆಮೇಲೆ ಉಗುರಿನಿಂದಲೇ ತಲೆ ಹಿಡಿದು ಇಡೀ ಕ್ಲಿಪ್ ಎಳೆಯಬಹುದು.

ವಾಪಸ್ ಹಾಕೋದು ಇದಕ್ಕಿಂತ ಮುಖ್ಯ. ತೆಗೆದ ಕ್ಲಿಪ್‌ನಲ್ಲಿ ಪಿನ್ ಒಳಗೆ ಮುಳುಗಿರುತ್ತೆ. ಹಾಗೇ ತೂತಿಗೆ ತುರುಕಿದ್ರೆ ಕೂತಂತೆ ಕಾಣುತ್ತೆ, ಆದ್ರೆ ಬೀಗ ಬಿದ್ದಿರಲ್ಲ. ಮೊದಲನೇ ಹಂಪ್‌ಗೆ ರಸ್ತೆ ಪಾಲು. ಮೊದಲು ಬಾಲದ ಕಡೆಯಿಂದ ಪಿನ್ನನ್ನು ತಳ್ಳಿ. ಅದರ ತಲೆ ಮೇಲೆ ಎದ್ದು ನಿಲ್ಲಬೇಕು, ಕಾಲುಗಳು ಒಟ್ಟಿಗೆ ಸೇರಬೇಕು. ಹೀಗೆ ತೂತಿಗೆ ಇಳಿಸಿ, ಕ್ಲಿಪ್‌ನ ಅಂಚು ಪ್ಯಾನೆಲ್‌ಗೆ ಪೂರ್ತಿ ತಾಗಿದ ಮೇಲೆ ಪಿನ್ನನ್ನು ಸಮತಟ್ಟಾಗೋವರೆಗೆ ಮಾತ್ರ ಒತ್ತಿ. ಸಮಕ್ಕಿಂತ ಕೆಳಗೆ ಹೋದ್ರೆ ಮತ್ತೆ ಬಿಚ್ಚಿದ ಹಾಗೇ.

ಪಿನ್‌ನ ತಲೆಯ ಅಂಚಿನಲ್ಲಿ ಸಣ್ಣ ಕಚ್ಚು ಇದ್ರೆ ಅದು ಮೇಲೆತ್ತೋ ಜಾತಿ. ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಪಿನ್ನನ್ನು ಮಾತ್ರ ಎತ್ತಿ, ಅಂಚಿನ ಕೆಳಗೆ ಹಾಕಿ ಇಡೀ ಕ್ಲಿಪ್ಪನ್ನಲ್ಲ. ಪಿನ್ ಒಂದು ಹಂತಕ್ಕೆ ಬಂದು ನಿಲ್ಲುತ್ತೆ, ಆಮೇಲೆ ಎಲ್ಲಾ ಒಟ್ಟಿಗೆ ಬರುತ್ತೆ. ನಡುವೆ ಸ್ಟಾರ್ ಗುರುತಿದ್ರೆ ತಿರುಗಿಸೋದು. ಇದರಲ್ಲಿ ತಮಾಷೆ ಏನಂದ್ರೆ, ಸ್ಕ್ರೂಡ್ರೈವರ್ ಜೋರಾಗಿ ಒತ್ತಿ ತಿರುಗಿಸಿದಷ್ಟೂ ಅದು ಅಲ್ಲೇ ಸುತ್ತುತ್ತೆ, ಮೇಲೆ ಬರಲ್ಲ. ಒತ್ತಡ ಕಡಿಮೆ ಮಾಡಿ, ಪಿನ್‌ನ ತಲೆಯ ಕೆಳಗೆ ಏನಾದ್ರೂ ತೆಳುವಾದದ್ದು ಕೊಟ್ಟು ಸ್ವಲ್ಪ ಎತ್ತಿಕೊಂಡು ತಿರುಗಿಸಿದ್ರೆ ಎಳೆ ಸಿಗುತ್ತೆ.

ರೇಸ್ ಬೈಕುಗಳಲ್ಲಿ ಕಾಲು ಸುತ್ತಿಗೆ ಬಿಚ್ಚೋ ಇನ್ನೊಂದು ಲೋಹದ ಜಾತಿ ಇದೆ. ಅದನ್ನು ಕಂಡುಹಿಡಿದ ವಿಲಿಯಂ ಡ್ಜೂಸ್ ಹೆಸರಲ್ಲೇ ಕರೀತಾರೆ. 1930ರ ದಶಕದ್ದು, ವಿಮಾನದ ಎಂಜಿನ್ ಮುಚ್ಚಳಗಳಿಗೆ ಬಳಕೆಯಾಗಿ ಹೆಸರಾದದ್ದು. ನಮ್ಮ ಗಾಡಿಗಳಲ್ಲಿ ಅಪರೂಪ, ಅದನ್ನು ಬಿಡೋಣ.

ಕ್ಲಿಪ್ಪೇ ಕಾಣದಿದ್ರೂ ಪ್ಯಾನೆಲ್ ಬಿಡ್ತಾ ಇಲ್ಲ ಅಂದ್ರೆ ಹಿಂದೆ ರಬ್ಬರ್ ಉಂಗುರಕ್ಕೆ ಸಿಕ್ಕಿಸಿದ ಗೂಟ ಇರುತ್ತೆ. ಸೈಡ್ ಪ್ಯಾನೆಲ್‌ಗಳಲ್ಲಿ ಇದು ಮಾಮೂಲು. ಗೂಟ ಎಲ್ಲಿದೆ ಅಂತ ಅಂದಾಜು ಮಾಡಿ, ಅದರ ಪಕ್ಕದಲ್ಲೇ ಹಿಡಿದು ನೇರವಾಗಿ ಎಳೀರಿ. ಓರೆ ಎಳೆದ್ರೆ ಗೂಟ ಬುಡದಲ್ಲೇ ಮುರಿಯುತ್ತೆ. ವಾಪಸ್ ಹಾಕುವಾಗ ರಬ್ಬರ್‌ಗೆ ಸೋಪಿನ ನೀರು ಸವರಿ, ಎಂಜಿನ್ ಆಯಿಲ್ ಬೇಡ.

ಈಗ ಮೀಟಿದ್ರೆ ಯಾಕೆ ಒಡೆಯುತ್ತೆ ಅನ್ನೋದು. ಕ್ಲಿಪ್‌ನ ಪ್ರತಿ ಕಾಲೂ ನಾವು ಕ್ಲಾಸ್‌ನಲ್ಲಿ ಬೋರ್ಡ್ ತುಂಬಾ ಬರೆದ ಕ್ಯಾಂಟಿಲಿವರ್ ಬೀಮೇ. ತುದಿಯ ಬಾಗುವಿಕೆಯ ಸೂತ್ರವನ್ನೂ ಬುಡದ ಸ್ಟ್ರೆಸ್‌ನ ಸೂತ್ರವನ್ನೂ ಸೇರಿಸಿದ್ರೆ ಬುಡದಲ್ಲಿನ ಸ್ಟ್ರೈನ್ ಹೀಗೆ ಬರುತ್ತೆ: ದಪ್ಪ ಗುಣಿಸು ಬಾಗು ಗುಣಿಸು 3, ಅದನ್ನು ಉದ್ದದ ವರ್ಗದ ಎರಡರಷ್ಟರಿಂದ ಭಾಗಿಸು. ಯಂಗ್ಸ್ ಮಾಡ್ಯುಲಸ್ ಹೊಡೆದುಹೋಗಿದೆ ನೋಡಿ! ಲೆಕ್ಕಕ್ಕೆ ಕಾಲಿನ ಉದ್ದ 8 ಮಿಮೀ, ದಪ್ಪ 1.2 ಮಿಮೀ, ಬಾಗಬೇಕಾದ್ದು 0.8 ಮಿಮೀ ಅಂತಿಟ್ಟುಕೊಂಡ್ರೆ ಉತ್ತರ 2.25 ಶೇಕಡಾ. ನೈಲಾನ್ ಇಷ್ಟನ್ನು ಆರಾಮಾಗಿ ತಡೆಯುತ್ತೆ. ಅದೇ ಉದ್ದ ಅರ್ಧವಾದ್ರೆ ಸ್ಟ್ರೈನ್ ನಾಲ್ಕು ಪಟ್ಟು, 9 ಶೇಕಡಾ. ಆದ್ರೆ ಇದೆಲ್ಲಾ ಕಾಲಿಗೆ ಒಳಗೆ ಬಾಗೋಕೆ ಜಾಗ ಇದ್ದಾಗಿನ ಮಾತು. ಪಿನ್‌ನ ದಪ್ಪ ಭಾಗ ನಡುವೆ ನಿಂತಿರುವಾಗ ಮೀಟಿದ್ರೆ ಕಾಲು ಬಾಗಲ್ಲ, ನಮ್ಮ ಬಲವೆಲ್ಲಾ ಪ್ಯಾನೆಲ್‌ನ ತೂತಿನ ಅಂಚಿಗೆ ಹೋಗುತ್ತೆ. ಫೇರಿಂಗ್ ಸಾಮಾನ್ಯವಾಗಿ ಎಬಿಎಸ್ ಪ್ಲಾಸ್ಟಿಕ್, ತೂತಿನ ಸುತ್ತ ಸ್ಟ್ರೆಸ್ ಹೇಗೂ ಹೆಚ್ಚು. ಬಿರುಕು ಅಲ್ಲಿಂದಲೇ ಹೊರಡುತ್ತೆ.

ಇನ್ನು ಮಣ್ಣು. ಮಳೆಗಾಲ ಮುಗಿದ ಮೇಲೆ ಕೆಂಪು ಮಣ್ಣು ಪಿನ್‌ಗೂ ಕಾಲಿಗೂ ನಡುವೆ ಸಿಮೆಂಟ್ ಥರ ಕೂತಿರುತ್ತೆ. ಮೊದಲು ನೀರು ಹಾಕಿ, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಬಿಸಿನೀರಾದ್ರೆ ಇನ್ನೂ ಒಳ್ಳೇದು, ಬೆಚ್ಚಗಿರೋ ಪ್ಲಾಸ್ಟಿಕ್ ಚೆನ್ನಾಗಿ ಬಾಗುತ್ತೆ. ಬೆಳಗಿನ ಚಳಿಯಲ್ಲಿ ಈ ಕೆಲಸ ಬೇಡ, ಗಾಡಿ ಸ್ವಲ್ಪ ಹೊತ್ತು ಬಿಸಿಲಲ್ಲಿ ನಿಲ್ಲಲಿ. ಪೆಟ್ರೋಲ್‌ನಲ್ಲಿ ಬಟ್ಟೆ ಅದ್ದಿ ಒರೆಸೋ ಅಭ್ಯಾಸ ಮಾತ್ರ ಬಿಟ್ಟುಬಿಡಿ. ಬಿಗಿದು ಕೂತಿರೋ ಎಬಿಎಸ್‌ಗೆ ಪೆಟ್ರೋಲ್ ತಾಗಿದ್ರೆ ಬಿರುಕು ಬಿಡುತ್ತೆ. ಇವತ್ತು ಕಾಣದಿದ್ರೂ ಮುಂದಿನ ತಿಂಗಳು ಕಾಣುತ್ತೆ. ಬೋಲ್ಟ್ ಸಡಿಲ ಆಗಬಾರದು ಅಂತ ಹಾಕೋ ಥ್ರೆಡ್‌ಲಾಕರ್ ಕೂಡ ಎಬಿಎಸ್‌ಗೆ ಇದೇ ಗತಿ ತರುತ್ತೆ. ಎಂಜಿನ್ ಬೋಲ್ಟ್‌ಗೆ ಸರಿ, ಫೇರಿಂಗ್ ಹತ್ತಿರ ತರಬೇಡಿ.

ಏನು ಮಾಡಿದ್ರೂ ಅಲುಗಾಡದ ಕ್ಲಿಪ್ ಸಿಕ್ಕರೆ ಅದನ್ನೇ ಬಲಿ ಕೊಡಿ. ಕಟಿಂಗ್ ಪ್ಲೇಯರ್‌ನಿಂದ ತಲೆ ಕತ್ತರಿಸಿ, ಉಳಿದದ್ದನ್ನು ಆ ಕಡೆಗೆ ತಳ್ಳಿ, ಆಮೇಲೆ ಹುಡುಕಿ ತೆಗೆಯಿರಿ. ಹೊಸದು ಕೊಳ್ಳುವಾಗ ತಲೆಯ ಅಗಲ ನೋಡಿ ಮೋಸ ಹೋಗಬೇಡಿ. ಬೇಕಾದ್ದು ತೂತಿನ ಅಳತೆ (6 ಮತ್ತು 8 ಮಿಮೀ ಸಾಮಾನ್ಯ), ಜೊತೆಗೆ ಒಂದರ ಮೇಲೊಂದು ಕೂರೋ ಪ್ಯಾನೆಲ್‌ಗಳ ಒಟ್ಟು ದಪ್ಪ. ಬೆಂಗಳೂರಿನವರಾದ್ರೆ ಜೆ.ಸಿ. ರಸ್ತೆಗೆ ಹಳೇ ಕ್ಲಿಪ್ ಜೇಬಲ್ಲಿಟ್ಟುಕೊಂಡು ಹೋಗಿ, ಬಾಯಲ್ಲಿ ವರ್ಣಿಸಿ ಪ್ರಯೋಜನ ಇಲ್ಲ. ನಾಲ್ಕು ಬೇಕಿದ್ರೆ ಎಂಟು ತನ್ನಿ.

ಕೇಬಲ್ ಟೈ ಹಾಕಿದ್ರೆ ಏನಾಗುತ್ತೆ ಅಂತ ಕೇಳ್ತೀರ. ಮನೆ ತಲುಪೋವರೆಗೆ ಏನೂ ಆಗಲ್ಲ. ಆದ್ರೆ ಕ್ಲಿಪ್ ತನ್ನ ಅಗಲವಾದ ತಲೆಯಿಂದ ಒತ್ತಡವನ್ನು ಹಂಚುತ್ತೆ, ಟೈ ಒಂದು ಗೆರೆಯಲ್ಲಿ ಎಳೆಯುತ್ತೆ. ಪ್ಯಾನೆಲ್ ಅಲ್ಲಾಡೋಕೂ ಬಿಡುತ್ತೆ, ಆ ಅಲುಗಾಟವನ್ನು ಪಕ್ಕದ ಕಿವಿಗಳು ಹೊರಬೇಕು. ಒಂದಾದ ಮೇಲೊಂದು ಹೋಗ್ತವೆ. ಕೊನೆಗೆ ಕೆಳಗಿನ ಪ್ಯಾನೆಲ್ ಜೋತುಬಿದ್ದು ಮುಂದಿನ ಚಕ್ರಕ್ಕೆ ತಾಗಿದ್ರೆ ಅದು ಖರ್ಚಿನ ವಿಷಯವಾಗಿ ಉಳಿಯಲ್ಲ. ಮರದ ಸ್ಕ್ರೂ ಇನ್ನೂ ಕೆಟ್ಟದ್ದು. ತೂತು ದೊಡ್ಡದಾಗುತ್ತೆ, ಮೇಲಾಗಿ ಅದರ ಚೂಪು ತುದಿಯ ಹಿಂದೆ ವೈರಿಂಗೋ ರೇಡಿಯೇಟರೋ ಇರುತ್ತೆ.

ಬಿಚ್ಚುವಾಗ ಒಂದು ರಟ್ಟಿನ ಮೇಲೆ ಪ್ಯಾನೆಲ್‌ನ ಆಕಾರ ಗೀಚಿ, ತೆಗೆದ ಪ್ರತಿಯೊಂದನ್ನೂ ಅದರ ಜಾಗದಲ್ಲೇ ಚುಚ್ಚಿಡಿ. ಬೋಲ್ಟ್‌ಗಳ ಜೊತೆ ಬರೋ ಪುಟ್ಟ ಲೋಹದ ಕಾಲರ್‌ಗಳನ್ನು ಬಿಸಾಡಬೇಡಿ. ಬೋಲ್ಟ್ ಎಷ್ಟೇ ಬಿಗಿದ್ರೂ ಪ್ಲಾಸ್ಟಿಕ್ ಅಪ್ಪಚ್ಚಿ ಆಗದಂತೆ ತಡೆಯೋದು ಅದೇ. ಜೋಡಿಸುವಾಗ ಮೊದಲು ಗೂಟಗಳು, ಆಮೇಲೆ ಎಲ್ಲಾ ಬೋಲ್ಟ್‌ಗಳನ್ನೂ ಕೈಯಲ್ಲೇ ಎರಡು ಮೂರು ಸುತ್ತು, ತೂತುಗಳು ಒಂದಕ್ಕೊಂದು ಸರಿಯಾಗಿ ಕೂತ ಮೇಲೆ ಕ್ಲಿಪ್‌ಗಳು, ಬಿಗಿಯೋದು ಕಡೆಗೆ. ತೂತು ಕೂರ್ತಿಲ್ಲ ಅಂತ ಕ್ಲಿಪ್‌ನಿಂದ ಪ್ಯಾನೆಲ್ ಎಳೆದು ಕೂರಿಸಬೇಡಿ, ಎಲ್ಲೋ ಒಂದು ಗೂಟ ತಪ್ಪಿರುತ್ತೆ.

ಆಮೇಲೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಕೇಬಲ್ಲಾಗಲೀ ಬ್ರೇಕ್ ಹೋಸ್ ಆಗಲೀ ಎಲ್ಲೂ ಸಿಕ್ಕಿಕೊಂಡಿಲ್ಲ ಅಂತ ನೋಡಿ. ಆಕ್ಸಿಲರೇಟರ್ ತಿರುಗಿಸಿ ಬಿಟ್ಟಾಗ ತಾನಾಗಿ ವಾಪಸ್ ಬರಬೇಕು. ಪ್ಯಾನೆಲ್‌ನ ಸುತ್ತಲೂ ಅಂಗೈಯಿಂದ ತಟ್ಟುತ್ತಾ ಬನ್ನಿ, ಗಲಗಲ ಅಂದ ಜಾಗದ ಕ್ಲಿಪ್ಪನ್ನು ತೆಗೆದು, ಪಿನ್ ಎತ್ತಿ, ಮತ್ತೆ ಹಾಕಿ.